ನೆಲ ಡೊಂಕು ಎಂದವಳ ಪರವಾಗಿ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ತನ್ನ ಅಸಾಮರ್ಥ್ಯವನ್ನು ಮರೆಮಾಚಲು ಹೊರಗಿನ ವಸ್ತುವಿನ ಮೇಲೆ ದೋಷ ಹೊರಿಸುವವರನ್ನು ಕುರಿತು ಹಿರಿಯರು ಆಡಿದ ಈ ಮಾತು ಎಷ್ಟೋ ಸಂದರ್ಭಗಳಲ್ಲಿ ದಿಟವೇ ಹೌದು. ಆದರೆ ನೆಲ ನಿಜವಾಗಿಯೂ ಡೊಂಕಾಗಿದ್ದ ಪಕ್ಷದಲ್ಲಿ ಆ ಹೆಣ್ಣುಮಗಳ ಮಾತನ್ನು ಕೇಳುವವರು ಯಾರು? ಧಾರವಾಡದ ನಮ್ಮ ಬಡಾವಣೆಯಲ್ಲಿ ತಿಂಗಳಿಗೊಮ್ಮೆ ಸೇರುವ ಓದುಗರ ಬಳಗದಲ್ಲಿ ಈಚೆಗೆ ಚರ್ಚೆಗೆ ಬಂದ ಗ್ರಂಥವೊಂದು ಈ ಪ್ರಶ್ನೆಯನ್ನೇ ಎತ್ತುವಂಥದು. ಕಾದಂಬರಿ, ಜೀವನಚರಿತ್ರೆ, ಪ್ರವಾಸಕಥನಗಳನ್ನೇ ಹೆಚ್ಚಾಗಿ ಓದುತ್ತ ಬಂದ ಬಳಗಕ್ಕೆ ಬಾಗಿಲು, ಒಲೆ, ಗುಂಡಿಗಳನ್ನು ಕುರಿತ ಪುಸ್ತಕವೇಕೆ ಎಂದು ಆರಂಭದಲ್ಲಿ ಹಲವರು ಮೂಗು ಮುರಿದರು. ಕೊನೆಗೆ ನಮ್ಮ ಯಾವ ಕಾದಂಬರಿಯ ಚರ್ಚೆಯೂ ಇಷ್ಟು ಹೊತ್ತು ನಡೆದಿರಲಿಲ್ಲವೆಂಬುದನ್ನು ಅವರೇ ಒಪ್ಪಿದರು. ಮನೆಯೊಳಗಿನ ಹಿರಿಯರಿಗೂ ಗೃಹಿಣಿಯರಿಗೂ ನೇರವಾಗಿ ಸಂಬಂಧಿಸಿದ ವಿಷಯವಾದ್ದರಿಂದ ಅಲ್ಲಿಯ ಮಾತುಕತೆಯನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಗ್ರಂಥದ ಹೆಸರು ‘ದಿ ಡಿಸೈನ್ ಆಫ್ ಎವ್ವೆರಿಡೇ ಥಿಂಗ್ಸ್’. ದಿನಬಳಕೆಯ ವಸ್ತುಗಳ ವಿನ್ಯಾಸ ಎಂದು ಕನ್ನಡಿಸಬಹುದು. ಬರೆದವರು ಅಮೆರಿಕದ ಡೊನಾಲ್ಡ್ ನಾರ್ಮನ್. ಮೊದಲು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ ಅನಂತರ ಮನಶ್ಶಾಸ್ತ್ರದ ಕಡೆಗೆ ಹೊರಳಿದ ಇವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕೇಂದ್ರದಲ್ಲಿ ಪ್ರಾಧ್ಯಾಪಕರಾಗಿದ್ದವರು. 1988ರಲ್ಲಿ ಪುಸ್ತಕ ಮೊದಲು ಪ್ರಕಟವಾದಾಗ ಅದರ ಶೀರ್ಷಿಕೆಯಲ್ಲಿ ‘ಡಿಸೈನ್’ ಇರಲಿಲ್ಲ, ‘ಸೈಕಾಲಜಿ’ ಎಂದಿತ್ತು. ಬಳಿಕ ಹೆಸರು ಬದಲಾಯಿತು, 2013ರಲ್ಲಿ ಪರಿಷ್ಕೃತ ಆವೃತ್ತಿ ಬಂದಿತು. ಮುಖಪುಟದ ಮೇಲೆ ಫ್ರೆಂಚ್ ಕಲಾವಿದ ಜಾಕ್ ಕಾರೆಲ್‌ಮನ್ ಕಲ್ಪಿಸಿದ ಕೆಟಲಿಯ ಚಿತ್ರವಿದೆ. ಹಿಡಿಕೆಯೂ ಸುರಿಯುವ ಕೊಕ್ಕೂ ಅದರಲ್ಲಿ ಒಂದೇ ಬದಿಗಿವೆ. ಸುರಿದವನ ಕೈಯೇ ಸುಡಬೇಕು! ಪುಸ್ತಕದಲ್ಲಿರುವುದು ಏಳು ಅಧ್ಯಾಯಗಳು. ಇಂಗ್ಲಿಷ್ ಬಲ್ಲ ಏಳು ಜನ ಒಂದೊಂದನ್ನು ಓದಿಕೊಂಡು ಬಂದು ಉಳಿದವರಿಗೆ ಕನ್ನಡದಲ್ಲಿ ವಿವರಿಸಬೇಕೆಂದು ನಿಶ್ಚಯಿಸಿಕೊಂಡೆವು. ಇಂಗ್ಲಿಷ್ ಬಾರದವರೇ ಆ ದಿನ ಹೆಚ್ಚು ಮಾತಾಡಿದರೆಂಬುದು ಬೇರೆ ಮಾತು.

ನಾರ್ಮನ್ನರ ಮೂಲ ವಾದ ಸರಳವಾದುದು. ಒಂದು ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ಎಂಬುದನ್ನು ಬಾಗಿಲೇ ಹೇಳಬೇಕು. ತಳ್ಳುವ ಬದಿಗೆ ಚಪ್ಪಟೆ ತಗಡು, ಎಳೆಯುವ ಬದಿಗೆ ಹಿಡಿಕೆ ಇದ್ದರೆ ಮಗುವೂ ತಪ್ಪುವುದಿಲ್ಲ. ಎರಡೂ ಬದಿಗೆ ಒಂದೇ ಬಗೆಯ ಹಿಡಿಕೆ ಇಟ್ಟು, ಮೇಲೆ ‘ತಳ್ಳಿರಿ’ ಎಂಬ ಚೀಟಿ ಅಂಟಿಸಿದರೆ ವಿದ್ವಾಂಸನೂ ಮುಗ್ಗರಿಸುತ್ತಾನೆ. ಇಂತಹ ಬಾಗಿಲುಗಳಿಗೆ ಈಗ ಪಾಶ್ಚಾತ್ಯ ದೇಶಗಳಲ್ಲಿ ‘ನಾರ್ಮನ್ ಬಾಗಿಲು’ ಎಂದೇ ಹೆಸರು ಬಿದ್ದಿದೆ. ದೋಷ ಹುಡುಕಿದವನ ಹೆಸರನ್ನೇ ದೋಷಕ್ಕೆ ಕಟ್ಟಿದ್ದು ವಿಚಿತ್ರವೇ ಸರಿ. ನಮ್ಮ ಹಳೆಯ ಮನೆಗಳ ಕದ, ಚಿಲಕ, ಅಗುಳಿಗಳನ್ನು ನೆನೆದುಕೊಳ್ಳಿ. ಅವುಗಳಿಗೆ ಚೀಟಿ ಅಂಟಿಸಿದ್ದನ್ನು ನಾವಂತೂ ಕಂಡಿಲ್ಲ.

ಬಾಗಿಲಿನ ಮಾತು ಬೇಗ ಮುಗಿಯಿತು. ಚರ್ಚೆಗೆ ಕಾವು ಬಂದದ್ದು ಸ್ವಿಚ್ ಬೋರ್ಡಿನಿಂದ. ನಮ್ಮ ಮನೆಗಳ ನಡುಮನೆಯಲ್ಲಿ ಬಾಗಿಲ ಬದಿಗೆ ಒಂದು ಬೋರ್ಡು. ಅದರಲ್ಲಿ ಒಂದೇ ಅಳತೆಯ, ಒಂದೇ ಬಣ್ಣದ ಆರೋ ಎಂಟೋ ಸ್ವಿಚ್ಚುಗಳು. ಕೊನೆಗೊಂದು ಪಂಖೆಯ ರೆಗ್ಯುಲೇಟರು. ಯಾವುದು ಟ್ಯೂಬ್‌ಲೈಟು, ಯಾವುದು ಪಂಖೆ, ಯಾವುದು ಹೊರಗಿನ ಕಟ್ಟೆಯ ದೀಪ? ಸ್ವಂತ ಮನೆಯಲ್ಲಿ ಹನ್ನೊಂದು ವರ್ಷ ವಾಸವಾಗಿದ್ದೂ ಮೊದಲ ಸಲಕ್ಕೇ ಸರಿಯಾದ ಸ್ವಿಚ್ಚನ್ನು ಒತ್ತಲಾಗುವುದಿಲ್ಲವೆಂದು ಗೃಹಿಣಿಯೊಬ್ಬರು ಹೇಳಿದಾಗ ಎಲ್ಲರೂ ನಕ್ಕರು. ನಕ್ಕವರೆಲ್ಲರದೂ ಅದೇ ಕಥೆ. ಊರಿನಿಂದ ಬಂದ ಅತ್ತೆಯವರು ರಾತ್ರಿ ಎದ್ದು ದೀಪ ಹಾಕಲು ಹೋಗಿ ನಾಲ್ಕು ಸ್ವಿಚ್ ಒತ್ತಿ, ಮಲಗಿದವರಿಗೆಲ್ಲ ಎಚ್ಚರವಾದೀತೆಂಬ ಸಂಕೋಚದಿಂದ ಕತ್ತಲಲ್ಲೇ ಬಚ್ಚಲಮನೆಗೆ ಹೋಗಿ ಜಾರಿಬಿದ್ದ ಸಂಗತಿಯನ್ನು ಇನ್ನೊಬ್ಬರು ಹೇಳಿದಾಗ ಮಾತ್ರ ನಗು ನಿಂತಿತು. ಬಿದ್ದ ಅತ್ತೆಯವರು ಆಡಿದ ಮಾತೇನು ಗೊತ್ತೇ? “ನನಗ ಈ ಪ್ಯಾಟಿ ಮನಿ ತಿಳಿಯೂದಿಲ್ಲವ್ವಾ, ತಪ್ಪು ನಂದs.”

ನಾರ್ಮನ್ನರು ಇದೇ ತೊಂದರೆಯನ್ನು ತಮ್ಮ ಮನೆಯಲ್ಲಿ ಪರಿಹರಿಸಿಕೊಂಡ ಬಗೆಯನ್ನು ಪುಸ್ತಕದಲ್ಲಿ ಚಿತ್ರಸಹಿತ ತೋರಿಸಿದ್ದಾರೆ. ನಡುಮನೆ, ಅದರ ಪಕ್ಕದ ಮೊಗಸಾಲೆಗಳ ಪುಟ್ಟ ನಕ್ಷೆಯನ್ನೇ ಒಂದು ಹಲಗೆಯ ಮೇಲೆ ಬರೆದು, ಯಾವ ಮೂಲೆಯಲ್ಲಿ ದೀಪವಿದೆಯೋ ನಕ್ಷೆಯ ಆ ಮೂಲೆಯಲ್ಲೇ ಅದರ ಸ್ವಿಚ್ ಕೂರಿಸಿದರು. ಒಟ್ಟು ಐದು ಸ್ವಿಚ್ಚುಗಳು. ನೆನಪಿಡುವ ಪ್ರಮೇಯವೇ ಇಲ್ಲ; ಕಣ್ಣು ನೋಡಿದ್ದನ್ನು ಕೈ ಮಾಡುತ್ತದೆ. ಗ್ಯಾಸ್ ಒಲೆಗೂ ಇದೇ ತರ್ಕ ಅನ್ವಯಿಸುತ್ತದೆ. ಎರಡು ಬರ್ನರಿನ ಒಲೆಯಲ್ಲಿ ಎಡದ ತಿರುಪು ಎಡಕ್ಕೆ, ಬಲದ್ದು ಬಲಕ್ಕೆ, ತಂಟೆಯಿಲ್ಲ. ನಾಲ್ಕು ಬರ್ನರುಗಳನ್ನು ಚೌಕಾಕಾರದಲ್ಲಿ ಇಟ್ಟು ತಿರುಪುಗಳನ್ನು ಮಾತ್ರ ಒಂದೇ ಸಾಲಿನಲ್ಲಿ ಕೂರಿಸಿದಾಗ ಯಾವುದಕ್ಕೆ ಯಾವುದು ಎಂಬುದಕ್ಕೆ 24 ಸಾಧ್ಯತೆಗಳು ಹುಟ್ಟಿಕೊಳ್ಳುತ್ತವೆ. ಈಗ ಮಾಡ್ಯುಲರ್ ಅಡುಗೆಮನೆಯ ಹೆಸರಿನಲ್ಲಿ ನಮ್ಮ ಊರುಗಳಿಗೂ ನಾಲ್ಕು ಬರ್ನರಿನ ಒಲೆಗಳು ಬಂದಿವೆ. ಹಾಲಿನ ಪಾತ್ರೆಯ ಉರಿ ಸಣ್ಣದು ಮಾಡಲು ಹೋಗಿ ಸಾರಿನ ಉರಿ ಆರಿಸಿದವರ ಸಂಖ್ಯೆ ನಮ್ಮ ಬಳಗದಲ್ಲೇ ಕಡಿಮೆಯಿಲ್ಲ.

ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರರೊಬ್ಬರು ಈ ಹೊತ್ತಿಗೆ ತಾಳ್ಮೆ ಕಳೆದುಕೊಂಡರು. “ಯಂತ್ರ ಅಂದಮ್ಯಾಲೆ ಕಲೀಬೇಕ್ರಿ. ನಾವೆಲ್ಲಾ ಕಲ್ತಿಲ್ಲೇನು? ಎಲ್ಲಾ ತಪ್ಪು ಮಾಡಿದಾಂವದು ಅಂದ್ರ ಬಳಸಾಂವಗ ಜವಾಬ್ದಾರಿನs ಇಲ್ಲೇನು?” ಎಂಬುದು ಅವರ ಆಕ್ಷೇಪ. ಇದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಸೈಕಲ್ಲನ್ನಾಗಲಿ ಹೊಲಿಗೆ ಯಂತ್ರವನ್ನಾಗಲಿ ಕಲಿಯದೆ ಬಳಸಿದವರು ಯಾರೂ ಇಲ್ಲ. ಅವರಿಗೆ ಉತ್ತರವಾಗಿ ಗ್ರಂಥದಿಂದ ಎತ್ತಿ ಹೇಳಿದ್ದು, ಕಲಿತವರೇ ಎಡವಿದ ಒಂದು ಪ್ರಸಂಗವನ್ನು.

1979ರ ಮಾರ್ಚ್ 28ರ ನಸುಕಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಥ್ರೀ ಮೈಲ್ ಐಲೆಂಡ್ ಪರಮಾಣು ವಿದ್ಯುತ್ ಸ್ಥಾವರದ ಎರಡನೆಯ ಘಟಕದಲ್ಲಿ ಸಣ್ಣದೊಂದು ಅಡಚಣೆ ತಲೆದೋರಿತು. ಒತ್ತಡ ಹೆಚ್ಚಿದ್ದರಿಂದ ಒಂದು ಕವಾಟ ತಾನಾಗಿ ತೆರೆದುಕೊಂಡಿತು. ಒತ್ತಡ ಇಳಿದ ಮೇಲೆ ಮುಚ್ಚಿಕೊಳ್ಳಬೇಕಾಗಿದ್ದ ಅದು ಸಿಕ್ಕಿಹಾಕಿಕೊಂಡು ತೆರೆದೇ ಉಳಿಯಿತು. ನಿಯಂತ್ರಣ ಕೊಠಡಿಯಲ್ಲಿ ಆ ಕವಾಟಕ್ಕೆ ಸಂಬಂಧಿಸಿದ ದೀಪವೇನೋ ಆರಿತು. ದೀಪ ಆರಿದ್ದರಿಂದ ಕವಾಟ ಮುಚ್ಚಿದೆಯೆಂದು ಅಲ್ಲಿದ್ದ ನುರಿತ ಸಿಬ್ಬಂದಿ ನಂಬಿದರು. ಆದರೆ ಆ ದೀಪ ಹೇಳುತ್ತಿದ್ದುದು ‘ಮುಚ್ಚು ಎಂಬ ಆಜ್ಞೆ ಹೋಗಿದೆ’ ಎಂಬುದನ್ನು ಮಾತ್ರ. ಕವಾಟ ನಿಜವಾಗಿ ಮುಚ್ಚಿತೇ ಎಂಬುದನ್ನಲ್ಲ. ಮಗನಿಗೆ ‘ಹಿತ್ತಲ ಬಾಗಿಲು ಹಾಕಿ ಬಾ’ ಎಂದು ಹೇಳಿದ ಮಾತ್ರಕ್ಕೆ ಬಾಗಿಲು ಹಾಕಿದೆಯೆಂದು ತಿಳಿದಂತಾಯಿತು. ನೂರಕ್ಕೂ ಹೆಚ್ಚು ಎಚ್ಚರಿಕೆಯ ಗಂಟೆ-ದೀಪಗಳು ಏಕಕಾಲಕ್ಕೆ ಹೊಡೆದುಕೊಳ್ಳತೊಡಗಿದವು. ಯಾವುದು ಮುಖ್ಯ, ಯಾವುದು ಅಮುಖ್ಯ ಎಂದು ಬೇರ್ಪಡಿಸುವ ಉಪಾಯ ಇರಲಿಲ್ಲ. ಎರಡು ಗಂಟೆಗೂ ಹೆಚ್ಚು ಕಾಲ ತಂಪುನೀರು ಸೋರಿಹೋಗಿ ಸ್ಥಾವರದ ಒಡಲಿನ ಒಂದು ಭಾಗವೇ ಕರಗಿತು. ಆ ಘಟಕ ಮತ್ತೆಂದೂ ವಿದ್ಯುತ್ ಉತ್ಪಾದಿಸಲಿಲ್ಲ.

ಸಿಬ್ಬಂದಿ ಇಂಥ ತಪ್ಪು ಮಾಡಿದ್ದೇಕೆಂದು ಪರಿಶೀಲಿಸಲು ಕರೆಸಲಾದ ತಜ್ಞರಲ್ಲಿ ನಾರ್ಮನ್ನರೂ ಒಬ್ಬರು. ಕೆಲಸಗಾರರ ಮನಸ್ಸನ್ನು ಪರೀಕ್ಷಿಸಲು ಹೋದ ಮನಶ್ಶಾಸ್ತ್ರಜ್ಞರು ಕೊಠಡಿಯನ್ನು ಪರೀಕ್ಷಿಸಿ ಹಿಂದಿರುಗಿದರು. ಅಂತಹ ಕೊಠಡಿಯಲ್ಲಿ ತಪ್ಪಾಗುವುದೇ ಸಹಜವೆಂಬ ನಿಲುವಿಗೆ ಬಂದರು. ಅಲ್ಲಿಂದ ಮುಂದೆ ಅವರ ಗಮನವೆಲ್ಲ ವಸ್ತುಗಳ ಕಡೆಗೆ ಹರಿಯಿತು. ನಮ್ಮ ಎಂಜಿನಿಯರರು ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಸಬ್‌ಸ್ಟೇಶನ್ನಿನಲ್ಲಿ ತಾವು ಕಂಡ ಒಂದೇ ತೆರನಾದ ಹಿಡಿಕೆಗಳಿಗೆ ಕೆಲಸಗಾರರು ಬಣ್ಣಬಣ್ಣದ ಬಟ್ಟೆ ಚೂರುಗಳನ್ನು ಕಟ್ಟಿಕೊಂಡಿದ್ದುದನ್ನು ತಾವಾಗಿಯೇ ಹೇಳಿದರು.

ಆ ದಿನದ ಚರ್ಚೆಯಲ್ಲಿ ನಮ್ಮ ಮನಸ್ಸನ್ನು ಬಹುವಾಗಿ ತಟ್ಟಿದ್ದು ಮಾತ್ರ ಪರಮಾಣು ಸ್ಥಾವರವಲ್ಲ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಶಿಕ್ಷಕಿಯೊಬ್ಬರು ನಮ್ಮ ಬಳಗದಲ್ಲಿದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಎಲ್ಲರಿಗೂ ಅವರು ‘ಅಕ್ಕೋರು’. ಅಲ್ಲಿಯವರೆಗೆ ಸುಮ್ಮನೆ ಕುಳಿತಿದ್ದ ಅವರು ಮೆಲ್ಲಗೆ, “ಮೂವತ್ತೆರಡು ವರ್ಷ ಹುಡುಗರಿಗೆ ಲೆಕ್ಕಾ ಕಲಿಸೀನಿ. ಎರಡು ಸಾವಿರ ರೂಪಾಯಿ ತಗಿಯಾಕ ಬರೂದಿಲ್ಲ ಅಂತ ಹೇಳಾಕ ನಾಚಿಕಿ ಬರತದ” ಎಂದರು. ಎಟಿಎಮ್ಮಿನ ಪರದೆಯ ಮೇಲಿನ ಸಾಲಿಗೂ ಬದಿಯ ಗುಂಡಿಗೂ ನೇರ ಹೊಂದುವುದಿಲ್ಲ. ಕುಳ್ಳಗಿನವರು ನಿಂತು ನೋಡಿದರೆ ಒಂದು ಸಾಲು ಕೆಳಗಿನದು ಮೇಲಿನದರಂತೆ ಕಾಣುತ್ತದೆ. ಕನ್ನಡಕ ಸರಿಪಡಿಸಿಕೊಂಡು ಓದುವಷ್ಟರಲ್ಲಿ ಇನ್ನೂ ಸಮಯ ಬೇಕೇ ಎಂದು ಯಂತ್ರ ಕೇಳುತ್ತದೆ. ಆ ಪ್ರಶ್ನೆಯನ್ನು ಓದುವಷ್ಟರಲ್ಲಿ ವ್ಯವಹಾರವೇ ರದ್ದಾಗುತ್ತದೆ. ಹಿಂದೆ ನಿಂತ ಯುವಕನೊಬ್ಬ ಒಮ್ಮೆ ‘ಬರದಿದ್ರ ಯಾಕ ಬರತೀರಿ’ ಎಂದನಂತೆ. ಅಂದಿನಿಂದ ಅಕ್ಕೋರು ಒಬ್ಬರೇ ಹೋಗುವುದನ್ನು ಬಿಟ್ಟು, ಪಕ್ಕದ ಮನೆಯ ಹುಡುಗನ ಕೈಯಲ್ಲಿ ಕಾರ್ಡನ್ನೂ ಗುಟ್ಟಿನ ಸಂಖ್ಯೆಯನ್ನೂ ಕೊಟ್ಟು ಕಳಿಸುತ್ತಿದ್ದಾರೆ. ಹುಡುಗ ಒಳ್ಳೆಯವನೇ. ಆದರೆ ತಮ್ಮ ಪಿಂಚಣಿಯಲ್ಲಿ ಎಷ್ಟು ಉಳಿದಿದೆ, ಯಾವ ತಿಂಗಳು ಎಷ್ಟು ಖರ್ಚಾಯಿತು ಎಂಬುದೆಲ್ಲ ಈಗ ಅವನಿಗೆ ತಿಳಿದಿದೆ. ಮೊಮ್ಮಗಳಿಗೆ ಗುಟ್ಟಾಗಿ ಒಂದು ಜೊತೆ ಓಲೆ ಮಾಡಿಸುವ ಸ್ವಾತಂತ್ರ್ಯವೂ ತಮಗಿಲ್ಲವಾಗಿದೆ ಎಂದು ಅವರು ಹೇಳಿದಾಗ ಯಾರಲ್ಲಿಯೂ ಉತ್ತರವಿರಲಿಲ್ಲ. ಗುಟ್ಟಿನ ಸಂಖ್ಯೆಯನ್ನು ಇನ್ನೊಬ್ಬರಿಗೆ ಕೊಡಬಾರದೆಂಬ ಉಪದೇಶವನ್ನು ಬ್ಯಾಂಕುಗಳು ಗೋಡೆಯ ಮೇಲೆ ಬರೆಸುತ್ತವೆ. ಕೊಡದೆ ಇದ್ದರೆ ಹಣವೇ ಕೈಗೆ ಬಾರದಂತಹ ಯಂತ್ರವನ್ನು ಅದೇ ಗೋಡೆಗೆ ನಿಲ್ಲಿಸಿದರೆ ಹಿರಿಯರು ಮಾಡುವುದೇನು?

ನಾರ್ಮನ್ನರ ಗ್ರಂಥದಲ್ಲಿ ಇದಕ್ಕೆ ಹೊಂದುವ ಒಂದು ಭಾಗವಿದೆ. ಒಂದು ಕೆಲಸದಲ್ಲಿ ಮೇಲಿಂದ ಮೇಲೆ ಸೋತವನು ತನ್ನಿಂದ ಅದು ಆಗದೆಂದು ತೀರ್ಮಾನಿಸಿ ಪ್ರಯತ್ನವನ್ನೇ ಬಿಡುವುದನ್ನು ಮನಶ್ಶಾಸ್ತ್ರಜ್ಞರು ಕಲಿತ ಅಸಹಾಯಕತೆ ಎನ್ನುತ್ತಾರೆ. ನಾರ್ಮನ್ನರು ಒಂದು ಹೆಜ್ಜೆ ಮುಂದೆ ಹೋಗಿ, ಇದು ಎಷ್ಟೋ ಸಲ ಕಲಿಸಿದ ಅಸಹಾಯಕತೆ ಎಂದು ವಾದಿಸುತ್ತಾರೆ; ಕೆಟ್ಟ ವಸ್ತುಗಳು, ಕೆಟ್ಟ ಪಠ್ಯಪುಸ್ತಕಗಳು ಅದನ್ನು ನಮಗೆ ಕಲಿಸುತ್ತವೆ. ಅವರು ಕೊಡುವ ಉದಾಹರಣೆಯೋ, ಗಣಿತ! ಆರಂಭದ ಒಂದೆರಡು ಪಾಠ ತಪ್ಪಿದ ಮಗು ತನಗೆ ಗಣಿತವೇ ಹತ್ತದೆಂದು ನಂಬಿಬಿಡುತ್ತದೆ. ಇದನ್ನು ಕೇಳಿದಾಗ ಅಕ್ಕೋರ ಮುಖದಲ್ಲಿ ಕಂಡ ಭಾವವನ್ನು ವರ್ಣಿಸುವುದು ಕಷ್ಟ. ‘ಗಣಿತ ನನಗ ಹತ್ತೂದಿಲ್ಲರೀ’ ಎಂದು ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿದ ಹೆಣ್ಣುಮಕ್ಕಳನ್ನು ತಾವು ಸಾಲಾಗಿ ನೆನೆದುಕೊಂಡೆವೆಂದೂ ಎಟಿಎಮ್ಮಿನ ಮುಂದೆ ತಾವು ನಿಂತದ್ದು ಅದೇ ಬೆಂಚಿನಲ್ಲೆಂದೂ ಅವರು ಹೇಳಿದರು.

ಇಲ್ಲಿಯೇ ಇನ್ನೊಂದು ಸಂಗತಿಯನ್ನು ಸೇರಿಸಬೇಕು. 1935ರಲ್ಲಿ ಜನಿಸಿದ ನಾರ್ಮನ್ನರು 2019ರಲ್ಲಿ, ತಮ್ಮ 83ನೆಯ ವಯಸ್ಸಿನಲ್ಲಿ ಒಂದು ಲೇಖನ ಬರೆದು, ಇಷ್ಟೆಲ್ಲ ಆದ ಮೇಲೂ ಜಗತ್ತಿನ ವಸ್ತುಗಳು ವೃದ್ಧರಿಗೆ ಒಗ್ಗುವಂತಿಲ್ಲವೆಂದು ಕಟುವಾಗಿ ದೂರಿದರು: ಓದಲಾಗದಷ್ಟು ಸಣ್ಣ, ಮಸುಕಾದ ಅಕ್ಷರಗಳು, ಚಾಕು ಹಿಡಿಯದೆ ಬಿಚ್ಚಲಾಗದ ಪೊಟ್ಟಣಗಳು. ಸುಲಭಬಳಕೆಯ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲೊಬ್ಬರಾದ ಅವರಿಗೇ ಬಾಟಲಿಯ ಮುಚ್ಚಳ ಮಣಿಯದಿದ್ದರೆ ನಮ್ಮ ಅಜ್ಜಂದಿರ ಪಾಡೇನು? ಬಳಗದಲ್ಲಿರುವ ಔಷಧ ವ್ಯಾಪಾರಿಯೊಬ್ಬರು ಇದಕ್ಕೆ ತಮ್ಮ ಅನುಭವವನ್ನು ಜೋಡಿಸಿದರು. ಮಾತ್ರೆಯ ಪಟ್ಟಿಯಲ್ಲಿ ಅವಧಿ ಮುಗಿಯುವ ದಿನಾಂಕವನ್ನು ಬಹುಮಟ್ಟಿಗೆ ಒಂದೇ ತುದಿಯಲ್ಲಿ ಒತ್ತಿರುತ್ತಾರೆ. ನಾಲ್ಕೇ ಮಾತ್ರೆ ಸಾಕೆಂದವರಿಗೆ ಕತ್ತರಿಸಿ ಕೊಡುವಾಗ ಯಾರೋ ಒಬ್ಬರ ಪಾಲಿಗೆ ದಿನಾಂಕವೂ ಇಲ್ಲದ, ಕೆಲವೊಮ್ಮೆ ಪೂರ್ತಿ ಹೆಸರೂ ಇಲ್ಲದ ತುಂಡು ಬರುತ್ತದೆ. ರಕ್ತದೊತ್ತಡದ ಮಾತ್ರೆಯೂ ಸಕ್ಕರೆ ಕಾಯಿಲೆಯ ಮಾತ್ರೆಯೂ ಒಂದೇ ಬಗೆಯ ಬೆಳ್ಳಿ ಬಣ್ಣದ ತಗಡಿನಲ್ಲಿದ್ದರೆ, ಕಣ್ಣು ಮಂಜಾದವರು ಯಾವುದನ್ನು ನಂಬಬೇಕು? ಮಾತ್ರೆ ಬಿಡಿಸಿಕೊಳ್ಳುವಾಗ ದಿನಾಂಕವಿಲ್ಲದ ತುದಿಯಿಂದ ಆರಂಭಿಸಬೇಕೆಂದು ಅವರು ಕೊಟ್ಟ ಸಲಹೆಯನ್ನು ಮನೆಮನೆಗಳಲ್ಲಿ ಇಂದೇ ಜಾರಿಗೆ ತರಬಹುದು.

ನೋಟುಗಳ ಮಾತನ್ನು ಎತ್ತಿದವರು ದೃಷ್ಟಿಹೀನರಾದ ಸದಸ್ಯರೊಬ್ಬರು. 2016ಕ್ಕೆ ಮುಂಚಿನ ನೋಟುಗಳಲ್ಲಿ ಐವತ್ತರದು 147 ಮಿಲಿಮೀಟರ್ ಉದ್ದ, ನೂರರದು 157, ಐನೂರರದು 167. ಹತ್ತು ಹತ್ತು ಮಿಲಿಮೀಟರಿನ ಮೆಟ್ಟಿಲು. ಬೆರಳ ಗೆಣ್ಣಿಗೆ ಹಿಡಿದು ಮಡಚಿದರೆ ಸಾಕಾಗಿತ್ತು. ಹೊಸ ಮಾಲೆಯಲ್ಲಿ ನೂರರದು 142, ಇನ್ನೂರರದು 146, ಐನೂರರದು 150. ಅಗಲ ಮೂರರದೂ 66. ನಾಲ್ಕು ಮಿಲಿಮೀಟರನ್ನು ಸಂತೆಯ ನೂಕುನುಗ್ಗಲಿನಲ್ಲಿ ಬೆರಳು ಹೇಗೆ ಅಳೆಯಬೇಕು? ಉಬ್ಬು ಗುರುತುಗಳಿವೆ ನಿಜ. ನೂರರಲ್ಲಿ ತ್ರಿಕೋನ, ಐನೂರರಲ್ಲಿ ವೃತ್ತ, ಅಂಚಿನಲ್ಲಿ ಓರೆಗೆರೆಗಳು. ಆದರೆ ಹತ್ತು ಕೈ ದಾಟಿ ಸವೆದ ನೋಟಿನಲ್ಲಿ ಉಬ್ಬು ಉಳಿಯುವುದಿಲ್ಲವೆಂದು ಅವರು ತಮ್ಮ ಜೇಬಿನ ನೋಟನ್ನೇ ನಮ್ಮ ಕೈಗಿತ್ತು ತೋರಿಸಿದರು. ರಿಸರ್ವ್ ಬ್ಯಾಂಕು 2020ರ ಜನವರಿಯಲ್ಲಿ ‘ಮಣಿ’ ಎಂಬ ಮೊಬೈಲ್ ತಂತ್ರಾಂಶವನ್ನು ಹೊರತಂದಿತು. ಕ್ಯಾಮರಾದ ಮುಂದೆ ಹಿಡಿದರೆ ಅದು ನೋಟಿನ ಮೌಲ್ಯವನ್ನು ಹೇಳುತ್ತದೆ. ಉಪಕಾರವೇ. “ಆದ್ರ ತರಕಾರಿಯಾಕಿ ಮುಂದ ನಿಂತು ಪ್ರತಿ ನೋಟಿನ ಫೋಟೋ ತಗೀಲ್ಯಾ?” ಎಂದು ಅವರು ಕೇಳಿದರು. ಬೆರಳಿಗಿದ್ದ ತಿಳಿವಳಿಕೆಯನ್ನು ಕಿತ್ತುಕೊಂಡು ಫೋನಿಗೆ ಕೊಟ್ಟಂತಾಯಿತೆಂಬುದು ಅವರ ಅಭಿಪ್ರಾಯ, ನಮ್ಮದೂ ಅದೇ.

ಎಲ್ಲವೂ ದೂರುಗಳೇ ಆದವೆಂದು ಓದುಗರು ಭಾವಿಸಬಾರದು. ಬಳಸುವವನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ವಸ್ತು ಹೇಗಿರುತ್ತದೆಂಬುದಕ್ಕೆ ಬಳಗದ ಬಹುತೇಕರು ಮುಂದಿಟ್ಟ ಉದಾಹರಣೆ ನಮ್ಮ ದೇಶದ್ದೇ: ಮತಯಂತ್ರ. ಅದರ ಸುತ್ತಲಿನ ರಾಜಕೀಯ ವಿವಾದ ನಮಗೆ ಇಲ್ಲಿ ಬೇಡ. ಮತದಾರನ ಮುಂದೆ ಇರುವ ಪೆಟ್ಟಿಗೆಯನ್ನಷ್ಟೇ ನೋಡೋಣ. ಅಕ್ಷರ ಬಾರದವನೂ ಮತ ನೀಡುವಂತಾಗಲೆಂದು 1951-52ರ ಮೊದಲ ಮಹಾಚುನಾವಣೆಯಲ್ಲಿಯೇ ಚಿಹ್ನೆಗಳನ್ನು ಬಳಸಲಾಯಿತು; ಆಗ ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಚಿಹ್ನೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಹಾಗೂ ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಸಂಸ್ಥೆಗಳು ತಯಾರಿಸುವ ಯಂತ್ರ ಇದೇ ಪದ್ಧತಿಯನ್ನು ಮುಂದುವರಿಸಿತು. ಮುಂಬಯಿಯ ಐಐಟಿಯ ವಿನ್ಯಾಸ ಕೇಂದ್ರದ ಪ್ರಾಧ್ಯಾಪಕರಾದ ಎ.ಜಿ. ರಾವ್ ಮತ್ತು ರವಿ ಪೂವಯ್ಯ ಅದಕ್ಕೆ ರೂಪ ಕೊಟ್ಟರು. 1982ರಲ್ಲಿ ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಮೊದಲು ಬಳಕೆಗೆ ಬಂದ ಯಂತ್ರ, ಕಾನೂನಿನ ತೊಡಕುಗಳನ್ನು ದಾಟಿ, 2004ರ ಲೋಕಸಭಾ ಚುನಾವಣೆಯ ಹೊತ್ತಿಗೆ ಇಡೀ ದೇಶವನ್ನು ವ್ಯಾಪಿಸಿತು.

ಅದರಲ್ಲಿ ಏನಿದೆ? ಚಿಹ್ನೆಯ ನೇರಕ್ಕೆ ಒಂದು ನೀಲಿ ಗುಂಡಿ. ಮಧ್ಯೆ ಪರದೆಯಿಲ್ಲ, ಪಟ್ಟಿಯಿಲ್ಲ, ‘ಮುಂದೆ ಹೋಗಿ’ ಎಂಬುದಿಲ್ಲ. ಒತ್ತಿದೊಡನೆ ಆ ಚಿಹ್ನೆಯ ಪಕ್ಕದಲ್ಲೇ ಕೆಂಪು ದೀಪ ಹೊತ್ತುತ್ತದೆ, ಉದ್ದನೆಯ ಶಬ್ದವೊಂದು ಕೇಳಿಸುತ್ತದೆ. ಕಣ್ಣಿಗೂ ಕಿವಿಗೂ ಉತ್ತರ ಸಿಕ್ಕಿತು. ಎರಡನೆಯ ಸಲ ಒತ್ತಿದರೂ ಏನೂ ಆಗದು. ಮತಗಟ್ಟೆಯ ಅಧಿಕಾರಿ ತನ್ನ ಬಳಿಯ ಪೆಟ್ಟಿಗೆಯಿಂದ ಅನುವು ಮಾಡಿಕೊಟ್ಟಾಗಲೇ ಮುಂದಿನ ಮತ. ಬ್ಯಾಟರಿಯಿಂದ ನಡೆಯುವುದರಿಂದ ಕರೆಂಟು ಇಲ್ಲದ ಹಳ್ಳಿಯಲ್ಲೂ ತೊಂದರೆಯಿಲ್ಲ. ಗುಂಡಿಗಳ ಪಕ್ಕದಲ್ಲಿ ಬ್ರೈಲ್ ಅಂಕಿಗಳಿವೆ. ಈಗ ಜೊತೆಗಿರುವ ಮುದ್ರಣ ಯಂತ್ರದ ಗಾಜಿನ ಹಿಂದೆ ಏಳು ಸೆಕೆಂಡು ಚೀಟಿಯೂ ಕಾಣುತ್ತದೆ. ಹೆಬ್ಬೆಟ್ಟು ಒತ್ತುತ್ತಿದ್ದ ನಮ್ಮ ಅಜ್ಜಿಯರು ಯಾರನ್ನೂ ಕೇಳದೆ, ಯಾರಿಗೂ ಹೇಳದೆ ಈ ಯಂತ್ರದ ಮುಂದೆ ತಮ್ಮ ಕೆಲಸ ಮುಗಿಸಿ ಬಂದರು. ಮತದ ಗುಟ್ಟನ್ನು ಕಾಪಾಡಿಕೊಳ್ಳಬಲ್ಲ ಅದೇ ಹಿರಿಯರು ಪಿಂಚಣಿಯ ಗುಟ್ಟನ್ನು ಕಾಪಾಡಿಕೊಳ್ಳಲಾರರು ಎಂದರೆ ತಪ್ಪನ್ನು ಅವರ ವಯಸ್ಸಿನ ಮೇಲೆ ಹೊರಿಸಲಾದೀತೇ?

ಕನ್ನಡದ ಕೀಲಿಮಣೆಯೂ ಇಂಥದೇ ಒಂದು ಉಪಕಾರ. ಹಳೆಯ ಬೆರಳಚ್ಚು ಯಂತ್ರದಲ್ಲಿ ಅಕ್ಷರದ ಆಕಾರವನ್ನು ತುಂಡುತುಂಡಾಗಿ ಜೋಡಿಸುವುದನ್ನು ತಿಂಗಳುಗಟ್ಟಲೆ ಕಲಿಯಬೇಕಾಗಿತ್ತು. ಕೆ.ಪಿ. ರಾವ್ ಅವರು ಆಕಾರವನ್ನು ಬಿಟ್ಟು ಉಚ್ಚಾರವನ್ನು ಹಿಡಿದರು: ‘ಕ’ ಬೇಕಾದರೆ ಇಂಗ್ಲಿಷಿನ ‘ಕೆ’ ಕೀಲಿ, ‘ಖ’ ಬೇಕಾದರೆ ಶಿಫ್ಟ್ ಹಿಡಿದು ಅದೇ ಕೀಲಿ. ಬಾಯಲ್ಲಿ ಆಡಿದ ಕ್ರಮದಲ್ಲೇ ಬೆರಳು ಆಡುತ್ತದೆ. ಕರ್ನಾಟಕ ಸರ್ಕಾರ ಇದನ್ನೇ ಒಪ್ಪಿಕೊಂಡಿತು. ಈ ಲೇಖನ ಬೆರಳಚ್ಚಾದದ್ದೂ ಅದರಲ್ಲೇ.

ಅಡುಗೆಮನೆಯ ಕಡೆಗೆ ತಿರುಗಿದಾಗ ಮಹಿಳಾ ಸದಸ್ಯರು ಮಾತನ್ನು ಪೂರ್ತಿಯಾಗಿ ತಮ್ಮ ವಶಕ್ಕೆ ತೆಗೆದುಕೊಂಡರು. ಅಮೆರಿಕದ ಸ್ಯಾಮ್ ಫಾರ್ಬರ್ ಎಂಬ ಉದ್ಯಮಿಯ ಪತ್ನಿ ಬೆಟ್ಸಿ ಅವರಿಗೆ ಸಂಧಿವಾತ. ಸಿಪ್ಪೆ ಹೆರೆಯುವ ತೆಳ್ಳನೆಯ ಲೋಹದ ಸಾಧನ ಅವರ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಅದನ್ನು ಕಂಡು ಫಾರ್ಬರ್ ಅವರು ದಪ್ಪನೆಯ, ಮೆತ್ತಗಿನ ರಬ್ಬರಿನಂಥ ಹಿಡಿಯುಳ್ಳ ಸಾಧನಗಳನ್ನು ಮಾಡಿಸಿ 1990ರಲ್ಲಿ ‘ಆಕ್ಸೋ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ಕೈನೋವಿನವರಿಗಾಗಿ ಹುಟ್ಟಿದ್ದು ಕೈ ಗಟ್ಟಿಯಿದ್ದವರಿಗೂ ಪ್ರಿಯವಾಯಿತು. ಆ ಪುಟ್ಟ ಸಾಧನ ಇಂದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಇದಕ್ಕೆ ಪ್ರತಿಯಾಗಿ ಒಬ್ಬರು ನಮ್ಮ ಈಳಿಗೆಯನ್ನು ಹೊಗಳಿದರು: ಕಾಲಲ್ಲಿ ಒತ್ತಿ ಹಿಡಿದರೆ ಎರಡು ಕೈಯೂ ಬಿಡುವು. ಕೆಳಗೆ ಕೂಡ್ರಲಾರದ ಮೊಣಕಾಲಿನವರಿಗೆ ಏನು ಎಂದು ಇನ್ನೊಬ್ಬರು ತಕ್ಷಣವೇ ತಿರುಗಿ ಕೇಳಿದರು. ತಂಬಿಗೆಯ ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯ ಇರಲಿಲ್ಲ. ಭಾರತ ಸರ್ಕಾರದ ಆಹ್ವಾನದ ಮೇರೆಗೆ ಬಂದ ಅಮೆರಿಕದ ವಿನ್ಯಾಸಕ ದಂಪತಿಗಳಾದ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಸಲ್ಲಿಸಿದ ವರದಿಯಲ್ಲಿ, ತಾವು ಇಲ್ಲಿ ಕಂಡ ವಸ್ತುಗಳಲ್ಲೆಲ್ಲ ತಂಬಿಗೆಗೇ ಅಗ್ರಸ್ಥಾನ ಕೊಟ್ಟಿದ್ದಾರೆ. ಆ ವರದಿಯ ಫಲವಾಗಿಯೇ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಯಾಯಿತು. ತುಂಬಿದಾಗ ಹೊರುವ ಸೊಂಟ, ಬರಿದಾದಾಗ ಹಿಡಿಯುವ ಬೆರಳು, ಸುರಿಯುವ ಕಂಠ, ಬೆಳಗುವ ಹುಣಸೆಹಣ್ಣು ಎಲ್ಲವನ್ನೂ ನೆನೆದೇ ತಲೆಮಾರುಗಳು ಅದನ್ನು ತಿದ್ದಿದ್ದಾವೆ.

ಎಲ್ಲವೂ ಸುಲಭವಾಗಲೇಬೇಕೇ ಎಂದು ಎಂಜಿನಿಯರರು ಕೊನೆಗೆ ಮತ್ತೊಮ್ಮೆ ಕೇಳಿದರು. ಈ ಸಲ ಅವರ ಪಕ್ಷದಲ್ಲಿ ನಾರ್ಮನ್ನರೇ ಇದ್ದರು. ಕೆಲವನ್ನು ಬೇಕೆಂದೇ ಕಷ್ಟವಾಗಿಸಬೇಕೆಂದು ಗ್ರಂಥವೂ ಹೇಳುತ್ತದೆ. ಮಗುವಿನ ಕೈಗೆ ಔಷಧದ ಡಬ್ಬಿ ಸುಲಭವಾಗಿ ತೆರೆಯಬಾರದು. ಒಳಮುಚ್ಚಳದ ಪ್ರೆಶರ್ ಕುಕ್ಕರನ್ನು ನೋಡಿ: ಒಳಗಿನ ಆವಿಯೇ ಮುಚ್ಚಳವನ್ನು ಒತ್ತಿ ಹಿಡಿದಿರುವುದರಿಂದ ಒತ್ತಡ ಇಳಿಯುವ ತನಕ ಅದು ಬಿಚ್ಚದು. ಅವಸರದ ಕೈಯನ್ನು ವಸ್ತುವೇ ತಡೆಯುತ್ತದೆ. ಅದರ ಸೀಟಿಯಂತೂ ನಮ್ಮ ಗೃಹಿಣಿಯರಿಗೆ ಗಡಿಯಾರವೇ ಆಗಿಬಿಟ್ಟಿದೆ. ಬೇಳೆಗೆ ಎಷ್ಟು ನಿಮಿಷವೆಂದು ಯಾರೂ ಹೇಳುವುದಿಲ್ಲ, ಎಷ್ಟು ಸೀಟಿಯೆಂದು ಹೇಳುತ್ತಾರೆ. ಬೆಲೆಯ ಪ್ರಶ್ನೆಯಲ್ಲಿ ಮಾತ್ರ ಒಮ್ಮತ ಮೂಡಲಿಲ್ಲ. ಒಳ್ಳೆಯ ಹಿಡಿಕೆಗೆ ಹೆಚ್ಚು ಹಣ ಬೀಳುತ್ತದೆ, ಬಡವನು ಅಗ್ಗದ್ದನ್ನೇ ಕೊಳ್ಳುತ್ತಾನೆ ಎಂದು ಎಂಜಿನಿಯರರು ಪಟ್ಟು ಹಿಡಿದರು. ತಂಬಿಗೆ ದುಬಾರಿಯೇ ಎಂದು ಉಳಿದವರು ಕೇಳಿದರು. ಆ ವಾದ ಹಾಗೆಯೇ ಉಳಿದಿದೆ.

ಸಭೆಯ ಮರುವಾರ ಬಳಗದ ಇಬ್ಬರು ಅಕ್ಕೋರ ಜೊತೆಗೆ ಅವರ ಬ್ಯಾಂಕಿಗೆ ಹೋಗಿ, ಹಣ ತೆಗೆಯಲು ಯಂತ್ರಕ್ಕೇ ಹೋಗಬೇಕಾಗಿಲ್ಲ, ಚೀಟಿ ಬರೆದು ಕಿಟಕಿಯಲ್ಲಿ ಪಡೆಯಬಹುದೆಂದು ಖಚಿತಪಡಿಸಿಕೊಂಡು ಬಂದರು. ಗುಟ್ಟಿನ ಸಂಖ್ಯೆಯನ್ನು ಅಂದೇ ಬದಲಿಸಲಾಯಿತು. ಯಂತ್ರದ ಪರದೆ ಮತ್ತು ಗುಂಡಿಗಳ ನೇರ ತಪ್ಪಿರುವುದನ್ನೂ ಸಮಯ ಸಾಲದಿರುವುದನ್ನೂ ಕುರಿತು ಅಕ್ಕೋರು ಸ್ವಹಸ್ತದಿಂದ ಒಂದು ಪತ್ರ ಬರೆದು ಕೊಟ್ಟಿದ್ದಾರೆ. ಕರಿಹಲಗೆಯ ಮೇಲೆ ಬರೆಯುತ್ತಿದ್ದಂಥದೇ ದುಂಡು ಅಕ್ಷರ, ಜೊತೆಗೆ ಅಳತೆ ಸಹಿತ ಒಂದು ರೇಖಾಚಿತ್ರ. ಉತ್ತರ ಇನ್ನೂ ಬಂದಿಲ್ಲ. ಇತ್ತ ಬಚ್ಚಲಮನೆಯಲ್ಲಿ ಅತ್ತೆಯವರು ಜಾರಿಬಿದ್ದ ಮನೆಯವರು ಮೇಲಿನ ಅಂತಸ್ತು ಕಟ್ಟಿಸುತ್ತಿದ್ದಾರೆ. ದೀಪಗಳು ಇರುವ ಕ್ರಮದಲ್ಲೇ ಸ್ವಿಚ್ಚುಗಳಿರಲಿ, ಬಚ್ಚಲಿನ ದಾರಿಯ ದೀಪದ ಸ್ವಿಚ್ ಮಾತ್ರ ಹಾಸಿಗೆಯ ಬದಿಗೇ ಬೇರೆಯಾಗಿರಲಿ ಎಂದು ವೈರಿಂಗ್ ಮಾಡುವವನಿಗೆ ಹೇಳಿದರಂತೆ. “ಅದಕ್ಕೇನ್ರೀ, ಗ್ವಾಡಿ ಕೊರಿಯೂದಕ್ಕ ಮೊದಲ ಹೇಳಿದ್ರ ಆತು. ಇಷ್ಟ ವರ್ಷ ಯಾರೂ ಕೇಳಿರಲಿಲ್ಲ ನೋಡ್ರಿ” ಎಂದು ಆತ ಸೀಮೆಸುಣ್ಣದಿಂದ ಗೋಡೆಯ ಮೇಲೆ ಗುರುತು ಹಾಕಿಕೊಂಡ.